ಹೆಗಲು ಬದಲಿಸುವ ಹೊತ್ತು

ಊರದೇವರ ಉತ್ಸವದಲ್ಲಿ ಪಲ್ಲಕ್ಕಿ ಹೊರುವವರನ್ನು ನೀವೆಲ್ಲ ಕಂಡಿದ್ದೀರಿ. ಮೆರವಣಿಗೆ ಹೊರಟಲ್ಲಿಂದ ಮುಗಿಯುವವರೆಗೆ ಒಬ್ಬರೇ ಹೊರುವುದುಂಟೆ? ಹತ್ತು ಮನೆ ದಾಟುವಷ್ಟರಲ್ಲಿ ಒಬ್ಬರ ಹೆಗಲು ದಣಿಯುತ್ತದೆ, ಮತ್ತೊಬ್ಬರು ಬಂದು ಭಾರವನ್ನು ವಹಿಸಿಕೊಳ್ಳುತ್ತಾರೆ. ಬಲ್ಲವರು ಹೆಗಲು ಬದಲಿಸಿದರೆ ಉತ್ಸವಮೂರ್ತಿಯ ಕೊರಳ ಹಾರ ಕೂಡ ಅಲುಗುವುದಿಲ್ಲ. ಹೊಸಬರು ಬದಲಿಸಿದರೆ ಪಲ್ಲಕ್ಕಿ ಒಂದು ಬದಿಗೆ ವಾಲುತ್ತದೆ. ಅರ್ಚಕರು ಗಾಬರಿಯಿಂದ ಕೈ ಚಾಚುತ್ತಾರೆ. ಭಾರ ಅದೇ, ಬೀದಿಯೂ ಅದೇ. ವ್ಯತ್ಯಾಸವಿರುವುದು ಒಂದು ಹೆಗಲು ಬಿಟ್ಟು ಇನ್ನೊಂದು ಹೆಗಲು ಹಿಡಿಯುವ ಆ ಒಂದು ಕ್ಷಣದಲ್ಲಿ.

ಮೋಟಾರು ಕಾರಿನಲ್ಲಿ ಗೇರು ಬದಲಾಯಿಸುವುದೆಂದರೆ ಇಂಥದೇ ಕೆಲಸ. ಗೇರು ಎಂದೊಡನೆ ಕರಾವಳಿಯ ಕೇಳುಗರು ಗೋಡಂಬಿಯನ್ನು ನೆನೆಯಬಾರದೆಂದು ವಿನಂತಿ. ನಾನು ಹೇಳುತ್ತಿರುವುದು ಎಂಜಿನ್ನಿಗೂ ಚಕ್ರಕ್ಕೂ ನಡುವೆ ಕುಳಿತು ಇಬ್ಬರಿಗೂ ರಾಜಿ ಮಾಡಿಸುವ ಹಲ್ಲುಚಕ್ರಗಳ ವಿಷಯ. ಅದರಲ್ಲಿಯೂ, ಆ ರಾಜಿಯ ಕೆಲಸವನ್ನು ಅರ್ಧ ಮನುಷ್ಯನೂ ಅರ್ಧ ಯಂತ್ರವೂ ಹಂಚಿಕೊಂಡಿರುವ ಒಂದು ಏರ್ಪಾಡಿನ ವಿಷಯ. ಇದನ್ನು ಅರೆಸ್ವಯಂಚಾಲಿತ ಗೇರುಪೆಟ್ಟಿಗೆ ಎನ್ನಬಹುದು. ಇಲ್ಲಿ ಕ್ಲಚ್ಚಿನ ಪೆಡಲು ಇರುವುದಿಲ್ಲ. ಸ್ಟಿಯರಿಂಗ್ ಚಕ್ರದ ಹಿಂಬದಿಯಲ್ಲಿ, ಎರಡು ಕಿವಿಗಳಂತೆ, ಎರಡು ಸಣ್ಣ ಪಟ್ಟಿಗಳು ಚಾಚಿಕೊಂಡಿರುತ್ತವೆ. ಇವುಗಳಿಗೆ ಪ್ಯಾಡಲ್ ಎಂದು ಹೆಸರು. ಬಲಗಡೆಯದನ್ನು ಬೆರಳಿನಿಂದ ಎಳೆದರೆ ಗೇರು ಒಂದು ಮೆಟ್ಟಿಲು ಏರುತ್ತದೆ. ಎಡಗಡೆಯದನ್ನು ಎಳೆದರೆ ಒಂದು ಮೆಟ್ಟಿಲು ಇಳಿಯುತ್ತದೆ.

ಕೇಳುವುದಕ್ಕೆ ಇದು ಬಹಳ ಸುಲಭವಾಗಿದೆ. ಆದರೆ ಇಂಥ ಕಾರನ್ನು ಕೊಂಡ ಅನೇಕರು ಒಂದು ತಿಂಗಳೊಳಗೆ ಒಂದೇ ದೂರನ್ನು ಹೇಳುತ್ತಾರೆ: “ಗೇರು ಬದಲಾದಾಗಲೆಲ್ಲ ಜರ್ಕು ಹೊಡೆಯುತ್ತದೆ, ಕುಳಿತವರೆಲ್ಲ ಹೌದಪ್ಪನ ಹಾಗೆ ತಲೆಯಾಡಿಸುತ್ತಾರೆ.” ಈ ದೂರು ಸುಳ್ಳಲ್ಲ. ಅದರ ಪರಿಹಾರ ಮಾತ್ರ ಬಹುಮಟ್ಟಿಗೆ ಚಾಲಕನ ಬಲಗಾಲಿನಲ್ಲಿಯೂ ಎರಡು ಬೆರಳುಗಳಲ್ಲಿಯೂ ಇದೆ. ಅದು ಹೇಗೆಂಬುದನ್ನು ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲು ಗೇರು ಏಕೆ ಬೇಕಾಯಿತು ಎಂಬುದನ್ನು ನೋಡೋಣ. ಎತ್ತು ನಿಂತ ನಿಲುವಿನಲ್ಲಿಯೇ ಗಾಡಿಯನ್ನು ಎಳೆಯಬಲ್ಲದು. ಪೆಟ್ರೋಲು ಎಂಜಿನ್ನಿಗೆ ಆ ಸಾಮರ್ಥ್ಯವಿಲ್ಲ. ಅದು ನಿಮಿಷಕ್ಕೆ ಏಳೆಂಟು ನೂರು ಸುತ್ತಾದರೂ ತಿರುಗುತ್ತಿರಬೇಕು, ಇಲ್ಲವಾದರೆ ಉಸಿರು ಕಟ್ಟಿ ನಿಂತುಬಿಡುತ್ತದೆ. ಸಾಮಾನ್ಯವಾದ ಸಣ್ಣ ಕಾರಿನಲ್ಲಿ ಆರು ಸಾವಿರ ಸುತ್ತಿನ ಆಚೀಚೆ ಅದರ ಮೇಲಿನ ಎಲ್ಲೆ. ಚಕ್ರವಾದರೋ ಶೂನ್ಯದಿಂದ ಹೊರಟು ಹೆದ್ದಾರಿಯ ವೇಗದವರೆಗೆ ಹೋಗಬೇಕು. ಈ ಎರಡು ಸ್ವಭಾವಗಳನ್ನು ಹೊಂದಿಸುವುದಕ್ಕಾಗಿ ಐದಾರು ಜೊತೆ ಹಲ್ಲುಚಕ್ರಗಳನ್ನು ಇಟ್ಟಿದ್ದಾರೆ. ಒಂದನೆಯ ಗೇರಿನಲ್ಲಿ ಎಳೆತ ಹೆಚ್ಚು, ಓಟ ಕಡಿಮೆ. ಐದನೆಯದರಲ್ಲಿ ಓಟ ಹೆಚ್ಚು, ಎಳೆತ ಕಡಿಮೆ.

ಒಂದು ಸಣ್ಣ ಲೆಕ್ಕ ಮಾಡೋಣ. ಕಾರು ಎರಡನೆಯ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನಿ. ಆಗ ಎಂಜಿನ್ನು ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತಿರುತ್ತದೆ. ಅದೇ ವೇಗದಲ್ಲಿ ಮೂರನೆಯ ಗೇರಿಗೆ ಬಂದರೆ ಸುಮಾರು 2000 ಸುತ್ತು ಸಾಕು. ನಡುವಿನ ಈ 1000 ಸುತ್ತುಗಳನ್ನು ಎಲ್ಲಿಯೋ ಕರಗಿಸಬೇಕು. ಕರಗಿಸುವುದಕ್ಕೆ ಬಿಡುವು ಕೊಡುವುದೇ ಕ್ಲಚ್ಚು. ಅದು ಮುಖಕ್ಕೆ ಮುಖ ಒತ್ತಿಕೊಂಡ ಎರಡು ತಟ್ಟೆಗಳ ಜೋಡಿ. ಒಂದು ಎಂಜಿನ್ನಿನ ಕಡೆಯದು, ಇನ್ನೊಂದು ಗೇರುಪೆಟ್ಟಿಗೆಯ ಕಡೆಯದು. ಬೇರ್ಪಡಿಸಿದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಕೂಡಿಸಿದರೆ ಮತ್ತೆ ಸಂಬಂಧ ಬೆಳೆಯುತ್ತದೆ. ತಟ್ಟೆಗಳು ಬೇರೆಯಾಗಿದ್ದ ಹೊತ್ತಿನಲ್ಲಿ ಎಂಜಿನ್ನು ತಣ್ಣಗೆ 2000ಕ್ಕೆ ಇಳಿದಿದ್ದರೆ, ಕೂಡುವಾಗ ಒಂದಕ್ಕೊಂದು ಸಮನಾಗಿ ಕೂಡುತ್ತವೆ. ಅದು ಇನ್ನೂ 3000ದಲ್ಲಿಯೇ ಇದ್ದರೆ, ಹೆಚ್ಚಿನ 1000 ಸುತ್ತುಗಳಲ್ಲಿ ಒಂದಷ್ಟು ಉಜ್ಜಾಟದ ಶಾಖವಾಗಿ ತಟ್ಟೆಯನ್ನು ಸವೆಸುತ್ತದೆ, ಉಳಿದದ್ದು ಕುಲುಕಾಗಿ ನಮ್ಮ ಕೊರಳಿಗೆ ಬರುತ್ತದೆ.

ಈ ಕುಲುಕಿನ ಸ್ವರೂಪವನ್ನೂ ತಿಳಿದುಕೊಳ್ಳಬೇಕು. ವೇಗ ನಮ್ಮನ್ನು ನೋಯಿಸುವುದಿಲ್ಲ. ವಿಮಾನದಲ್ಲಿ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ನಾವು ನೆಮ್ಮದಿಯಾಗಿ ಕಾಫಿ ಕುಡಿಯುತ್ತೇವೆ. ವೇಗ ಏರುತ್ತಿರುವಾಗಲೂ, ಅದು ಒಂದೇ ಸಮನೆ ಏರುತ್ತಿದ್ದರೆ, ಬೆನ್ನು ಆಸನಕ್ಕೆ ಒರಗಿಕೊಂಡು ಹೊಂದಿಕೊಳ್ಳುತ್ತದೆ. ದೇಹಕ್ಕೆ ಸಹಿಸಲಾಗದ್ದು ವೇಗೋತ್ಕರ್ಷದ ಹಠಾತ್ ಬದಲಾವಣೆ. ಎಳೆಯುತ್ತಿದ್ದ ಕಾರು ಎಳೆಯುವುದನ್ನು ತಟ್ಟನೆ ನಿಲ್ಲಿಸಿದರೆ ತಲೆ ಮುಂದಕ್ಕೆ ಬಾಗುತ್ತದೆ. ಮತ್ತೆ ತಟ್ಟನೆ ಎಳೆಯತೊಡಗಿದರೆ ಹಿಂದಕ್ಕೆ ವಾಲುತ್ತದೆ. ಗೇರು ಬದಲಾಗುವಾಗ ಈ ಎರಡೂ ಒಂದರ ಬೆನ್ನಿಗೆ ಒಂದು ನಡೆಯುತ್ತವೆ. ಹಿಂದಿನ ಹೆಗಲು ಬಿಟ್ಟಿದೆ, ಮುಂದಿನ ಹೆಗಲು ಇನ್ನೂ ಹಿಡಿದಿಲ್ಲ.

ಪಾದದ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕೆಂಬ ಆಸೆ ಇಂದಿನದಲ್ಲ. ಮೊದಲ ಮಹಾಯುದ್ಧದ ಟ್ಯಾಂಕನ್ನು ರೂಪಿಸಿದವರಲ್ಲಿ ಒಬ್ಬರಾದ ಬ್ರಿಟನ್ನಿನ ವಾಲ್ಟರ್ ಗೋರ್ಡನ್ ವಿಲ್ಸನ್ ಅವರು 1920ರ ದಶಕದಲ್ಲಿ ಒಂದು ವಿಶಿಷ್ಟವಾದ ಗೇರುಪೆಟ್ಟಿಗೆಯನ್ನು ರೂಢಿಗೆ ತಂದರು. ಅದರಲ್ಲಿ ಚಾಲಕನು ಮುಂದೆ ಬೇಕಾಗುವ ಗೇರನ್ನು ಸ್ಟಿಯರಿಂಗಿನ ಬಳಿಯ ಸಣ್ಣ ಹಿಡಿಕೆಯಿಂದ ಮುಂಚೆಯೇ ಆರಿಸಿಡುತ್ತಿದ್ದನು. ತಿರುವೋ ಏರೋ ಬಂದಾಗ ಎಡಗಾಲಿನಿಂದ ಪೆಡಲನ್ನು ಒಮ್ಮೆ ಒತ್ತಿ ಬಿಟ್ಟರೆ ಆರಿಸಿಟ್ಟ ಗೇರು ಬಂದು ಕೂರುತ್ತಿತ್ತು. 1930ರಿಂದ ಡೈಮ್ಲರ್ ಕಾರುಗಳಲ್ಲಿಯೂ, ಮುಂದೆ ಲಂಡನ್ನಿನ ಪ್ರಸಿದ್ಧವಾದ ಎರಡಂತಸ್ತಿನ ಕೆಂಪು ಬಸ್ಸುಗಳಲ್ಲಿಯೂ ಈ ಏರ್ಪಾಡು ಇತ್ತು. 1955ರಲ್ಲಿ ಫ್ರಾನ್ಸಿನ ಸಿತ್ರೊಯೆನ್ ಸಂಸ್ಥೆ ತಂದ ಡಿ.ಎಸ್. ಎಂಬ ಕಾರಿನಲ್ಲಿ ಕ್ಲಚ್ಚಿನ ಪೆಡಲೇ ಇರಲಿಲ್ಲ. ಎಣ್ಣೆಯ ಒತ್ತಡದಿಂದಲೇ ಕ್ಲಚ್ಚೂ ಗೇರೂ ಕೆಲಸ ಮಾಡುತ್ತಿದ್ದವು. ಇವೆಲ್ಲ ಇಂದಿನ ಪ್ಯಾಡಲ್ಲಿನ ಹಿರಿಯರು. ಇವರಲ್ಲಿ ವಿಲ್ಸನ್ನರ ಪದ್ಧತಿಯನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬೇಕಾದದ್ದನ್ನು ಮುಂಚೆಯೇ ಆರಿಸಿಡುವುದು ಎಂಬ ಅದರ ತತ್ತ್ವ ನಮಗೆ ಇನ್ನೊಮ್ಮೆ ಬೇಕಾಗುತ್ತದೆ.

ಪ್ಯಾಡಲ್ಲು ಜಗತ್ತಿನ ಗಮನ ಸೆಳೆದದ್ದು ಪಂದ್ಯದ ಕಣದಲ್ಲಿ. ಫೆರಾರಿ ತಂಡಕ್ಕಾಗಿ ಜಾನ್ ಬರ್ನಾರ್ಡ್ ಎಂಬ ಇಂಗ್ಲಿಷ್ ವಿನ್ಯಾಸಕಾರರು 640 ಎಂಬ ಹೆಸರಿನ ಕಾರನ್ನು ರೂಪಿಸಿದರು. ಚಾಲಕ ಕೂರುವ ಜಾಗವನ್ನು ಕಿರಿದು ಮಾಡಬೇಕಾಗಿತ್ತು. ಗೇರಿನ ಸನ್ನೆಕೋಲು ಅದಕ್ಕೆ ಅಡ್ಡಿ. ಅದನ್ನು ತೆಗೆದುಹಾಕಿ, ಕೈ ಸ್ಟಿಯರಿಂಗನ್ನು ಬಿಡದ ಹಾಗೆ, ಬೆರಳ ತುದಿಗೇ ಗೇರನ್ನು ತಂದುಕೊಟ್ಟರು. 1989ರ ಮಾರ್ಚ್ 26ರಂದು ಬ್ರೆಜಿಲಿನ ರಿಯೋ ನಗರದ ಬಳಿ ನಡೆದ ಪಂದ್ಯದಲ್ಲಿ ಅದು ಮೊದಲ ಸಲ ಓಡಿತು. ಹೊಸ ಯಂತ್ರ ಕೊನೆಯವರೆಗೆ ಬಾಳುತ್ತದೆಂಬ ಭರವಸೆ ಬಹಳ ಮಂದಿಗೆ ಇರಲಿಲ್ಲ. ಪಂದ್ಯದ ನಡುವೆ ಸ್ಟಿಯರಿಂಗ್ ಚಕ್ರವೇ ಸಡಿಲವಾಗಿ, ಅದನ್ನು ಬದಲಾಯಿಸಿ ಹೊಸದನ್ನು ಹಾಕಬೇಕಾಯಿತು. ಆದರೂ ನೈಜೆಲ್ ಮ್ಯಾನ್ಸೆಲ್ ಆ ಕಾರಿನಲ್ಲಿಯೇ ಗೆದ್ದರು. ಎಂಟು ವರ್ಷಗಳ ತರುವಾಯ, 1997ರಲ್ಲಿ, ಫೆರಾರಿಯ 355 ಎಂಬ ಕಾರಿನ ಮೂಲಕ ಪ್ಯಾಡಲ್ಲು ಸಾಮಾನ್ಯ ರಸ್ತೆಗೆ ಇಳಿಯಿತು. ಸಾಮಾನ್ಯ ರಸ್ತೆ ಎಂದೆನೇ ಹೊರತು ಸಾಮಾನ್ಯರ ಕಾರು ಎನ್ನಲಿಲ್ಲ!

ಸಾಮಾನ್ಯರ ಮನೆಗೆ ಈ ವಿದ್ಯೆ ಬಂದದ್ದು ಬೇರೆ ದಾರಿಯಿಂದ. ಫೆರಾರಿಯ ಆ ಏರ್ಪಾಡಿನ ವಿದ್ಯುನ್ಮಾನ ಭಾಗಗಳನ್ನು ಒದಗಿಸಿದ್ದು ಮ್ಯಾಗ್ನೆಟಿ ಮರೆಲ್ಲಿ ಎಂಬ ಇಟಲಿಯ ಸಂಸ್ಥೆ. ಅದೇ ಸಂಸ್ಥೆಯ ಅಗ್ಗದ ಏರ್ಪಾಡೊಂದನ್ನು ಹೊತ್ತು 2014ರ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೋ ಎಂಬ ಸಣ್ಣ ಕಾರು ನಮ್ಮ ದೇಶದ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಎ.ಎಂ.ಟಿ. ಎಂದು ಕರೆಯುವುದು ಇದನ್ನೇ. ಮಾಮೂಲಿ ಗೇರುಪೆಟ್ಟಿಗೆ, ಮಾಮೂಲಿ ಕ್ಲಚ್ಚು. ಅವುಗಳನ್ನು ಒತ್ತುವ, ಸರಿಸುವ ಕೆಲಸಕ್ಕೆ ಮಾತ್ರ ಯಂತ್ರದ ಕೈಕಾಲು, ಆ ಕೈಕಾಲಿಗೆ ಅಪ್ಪಣೆ ಕೊಡಲು ಒಂದು ಪುಟ್ಟ ಗಣಕ. ಹೀಗಾಗಿ ಬೆಲೆ ಹೆಚ್ಚು ಏರಲಿಲ್ಲ, ಪೆಟ್ರೋಲು ಖರ್ಚೂ ಕೈಗೇರಿನ ಕಾರಿನಷ್ಟೇ. ಸೆಲೆರಿಯೋದಲ್ಲಿ ಕೈಯಿಂದ ಗೇರು ಬದಲಿಸುವುದಿದ್ದರೆ ಸನ್ನೆಕೋಲನ್ನು ಹಿಂದೆ ಮುಂದೆ ತಳ್ಳಬೇಕಾಗಿತ್ತು. 2023ರಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್‌ನಂಥ ಸಣ್ಣ ಕಾರುಗಳಲ್ಲಿ ಎ.ಎಂ.ಟಿ.ಗೂ ಪ್ಯಾಡಲ್ಲು ಸಿಕ್ಕಿತು. ರಿಯೋದ ಪಂದ್ಯದ ಕಣದಲ್ಲಿ ಹುಟ್ಟಿದ ವಿದ್ಯೆ ಮಂಡಿನೋವಿನ ಗುಮಾಸ್ತರಿಗೂ, ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಕ್ಲಚ್ಚು ಒತ್ತಿ ಒತ್ತಿ ಎಡಗಾಲು ಸೋತವರಿಗೂ ದಕ್ಕಿತೆಂಬುದು ಸಣ್ಣ ಮಾತಲ್ಲ.

ಆದರೆ ಅಗ್ಗವಾಗಿ ದಕ್ಕಿದ್ದರ ಒಂದು ಮಿತಿಯೂ ಇದೆ. ದುಬಾರಿಯ ಕೆಲವು ಕಾರುಗಳಲ್ಲಿ ಎರಡು ಕ್ಲಚ್ಚುಗಳಿರುತ್ತವೆ. ಎರಡನೆಯ ಗೇರು ಎಳೆಯುತ್ತಿರುವಾಗಲೇ ಮೂರನೆಯದು ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ಚು ಬಿಡುತ್ತ ಬಂದ ಹಾಗೆ ಇನ್ನೊಂದು ಹಿಡಿಯುತ್ತ ಬರುತ್ತದೆ. ಹೊಸ ಹೆಗಲು ಪಲ್ಲಕ್ಕಿಯ ಕೆಳಗೆ ಸೇರಿದ ಮೇಲೆಯೇ ಹಳೆಯ ಹೆಗಲು ಜಾರಿಕೊಳ್ಳುವ ಕ್ರಮ ಅದು. ನಾನು ಹೇಳುತ್ತಿರುವ ಗೇರುಪೆಟ್ಟಿಗೆಯಲ್ಲಿ ಇರುವುದು ಒಂದೇ ಕ್ಲಚ್ಚು. ಅದು ಬಿಡಲೇಬೇಕು, ಗೇರು ಬದಲಾಗಲೇಬೇಕು, ಆಮೇಲೆ ಹಿಡಿಯಬೇಕು. 2007ರ ಫೆರಾರಿ 430 ಸ್ಕುದೇರಿಯಾ ಇದನ್ನೆಲ್ಲ ಸೆಕೆಂಡಿನ ಸಾವಿರದಲ್ಲಿ 60 ಭಾಗದಷ್ಟು ಹೊತ್ತಿನಲ್ಲಿ ಮುಗಿಸುತ್ತಿತ್ತು. ಕಣ್ಣುರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಸಣ್ಣ ಕಾರಿನ ಅಗ್ಗದ ಏರ್ಪಾಡು ಅಷ್ಟು ಚುರುಕಲ್ಲ. ಅಲ್ಲಿ ಆ ಖಾಲಿ ಹೊತ್ತು ನಮ್ಮ ಮೈಗೆ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನು ಇಲ್ಲವಾಗಿಸಲು ಚಾಲಕನಿಂದ ಆಗದು. ಅದರ ಎರಡು ಅಂಚುಗಳನ್ನು ಮೃದು ಮಾಡಲು ಆಗುತ್ತದೆ.

ಈ ಯಂತ್ರಕ್ಕೆ ಕೈಯುಂಟು, ಕಾಲುಂಟು, ಲೆಕ್ಕ ಹಾಕುವ ಬುದ್ಧಿಯುಂಟು. ಇಲ್ಲದಿರುವುದು ಕಣ್ಣು. ಚಕ್ರದ ವೇಗ, ಎಂಜಿನ್ನಿನ ಸುತ್ತು, ಎಕ್ಸಲರೇಟರಿನ ಮೇಲೆ ಕಾಲು ಎಷ್ಟು ಒತ್ತಿದೆ ಎಂಬುದು, ಇವೇ ಅದಕ್ಕೆ ತಿಳಿಯುವ ಸಂಗತಿಗಳು. ಮುಂದೆ ತಿರುವಿದೆ, ಏರಿದೆ, ಎಮ್ಮೆಯೊಂದು ರಸ್ತೆ ದಾಟುವ ಯೋಚನೆಯಲ್ಲಿ ನಿಂತಿದೆ ಎಂಬುದು ಅದಕ್ಕೆ ತಿಳಿಯದು. ಅದನ್ನು ಕಂಡವನು ಚಾಲಕ. ಕಂಡದ್ದನ್ನು ಯಂತ್ರಕ್ಕೆ ತಿಳಿಸಲು ಅವನಿಗೆ ಎರಡು ಭಾಷೆಗಳಿವೆ. ಒಂದು ಬಲಗಾಲಿನ ಭಾಷೆ, ಇನ್ನೊಂದು ಪ್ಯಾಡಲ್ಲಿನ ಭಾಷೆ. ನಯವಾದ ಚಾಲನೆ ಎಂದರೆ ಈ ಎರಡರಲ್ಲಿಯೂ ಮುಂಚಿತವಾಗಿ ಸೂಚನೆ ಕೊಡುವುದು. ವಿಲ್ಸನ್ನರ ಪದ್ಧತಿಯನ್ನು ನೆನಪಿನಲ್ಲಿಡಿ ಎಂದದ್ದು ಇದಕ್ಕಾಗಿ.

ಬಲಗಾಲಿನ ಭಾಷೆಯನ್ನು ಮೊದಲು ನೋಡೋಣ. ಗೇರು ಏರಿಸುವಾಗ, ಪ್ಯಾಡಲ್ಲನ್ನು ಎಳೆಯುವುದಕ್ಕೆ ಒಂದು ಕೂದಲೆಳೆಯಷ್ಟು ಮುಂಚೆ ಎಕ್ಸಲರೇಟರಿನ ಮೇಲಿನ ಒತ್ತಡವನ್ನು ಸಡಿಲಿಸಬೇಕು. ಪೂರ್ತಿ ಕಾಲೆತ್ತಬೇಕಾಗಿಲ್ಲ, ಪೂರ್ತಿ ಎತ್ತಿದರೆ ಅದೇ ಒಂದು ಕುಲುಕಾಗುತ್ತದೆ. ಅರ್ಧದಷ್ಟು ಹಗುರ ಮಾಡಿದರೆ ಸಾಕು. ಹೊಸ ಗೇರು ಕೂತದ್ದು ಮೈಗೆ ತಿಳಿದ ಮೇಲೆ ಮತ್ತೆ ನಿಧಾನವಾಗಿ ಒತ್ತುತ್ತ ಹೋಗಬೇಕು. ಗಣಕವು ಗೇರು ಬದಲಾಗುವಾಗ ಎಂಜಿನ್ನಿನ ಬಲವನ್ನು ತಾನಾಗಿಯೇ ತಗ್ಗಿಸುತ್ತದೆ, ನಿಜ. ಆದರೆ ಕಾಲು ಒತ್ತಿಕೊಂಡೇ ಇದ್ದರೆ, “ಯಜಮಾನರು ಅವಸರದಲ್ಲಿದ್ದಾರೆ” ಎಂದು ತಿಳಿದು, ಕ್ಲಚ್ಚು ಕೂಡಿದೊಡನೆ ಆ ಬಲವನ್ನೆಲ್ಲ ಒಮ್ಮೆಲೇ ತಂದು ಸುರಿಯುತ್ತದೆ. ಕಾಲು ಹಗುರವಾಗಿದ್ದರೆ ಅದೂ ಹಗುರವಾಗಿ ಕೆಲಸ ಮಾಡುತ್ತದೆ. ಗೇರನ್ನು ಯಂತ್ರಕ್ಕೇ ಬಿಟ್ಟಿದ್ದಾಗಲೂ ಈ ಸೂತ್ರ ಸಲ್ಲುತ್ತದೆ. ಎಂಜಿನ್ನಿನ ಸದ್ದು ಏರುತ್ತ ಬಂದು ಇನ್ನೇನು ಬದಲಾಗುತ್ತದೆ ಎನ್ನಿಸಿದಾಗ ಕಾಲನ್ನು ಹಗುರ ಮಾಡಿದರೆ, ಬಹಳ ಸಲ ಅದು ಆ ಸೂಚನೆಗೇ ಕಾಯುತ್ತಿದ್ದಂತೆ ಗೇರು ಬದಲಿಸುತ್ತದೆ.

ಇದರ ಬೆಲೆ ನನಗೆ ಚೆನ್ನಾಗಿ ಮನದಟ್ಟಾದದ್ದು ಮೈಸೂರಿನಿಂದ ಸುಳ್ಯಕ್ಕೆ ಹೋದ ಒಂದು ಪ್ರಯಾಣದಲ್ಲಿ. ನನ್ನ ಅಕ್ಕನಿಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳಾಗಿದ್ದವು. ಅವರನ್ನು ಊರಿಗೆ ಕರೆದೊಯ್ಯುತ್ತಿದ್ದೆವು. ಕಾರು ನಡೆಸುತ್ತಿದ್ದವನು ಅವರ ಮಗ. ಚುರುಕಿನ ಹುಡುಗ, ರಸ್ತೆಯ ಮೇಲೆ ಎಚ್ಚರವುಳ್ಳವನು. ಆದರೆ ಹುಣಸೂರು ಬರುವಷ್ಟರಲ್ಲಿ ಹಿಂದಿನ ಆಸನದಿಂದ ಅಕ್ಕನ ಧ್ವನಿ ಕೇಳಿಸಿತು: “ಏನೋ, ಇವನು ಎಷ್ಟು ಸಲ ಗೇರು ಹಾಕಿದ ಅಂತ ನನ್ನ ಸೊಂಟವನ್ನು ಕೇಳು, ಲೆಕ್ಕ ಒಪ್ಪಿಸುತ್ತೆ.” ಹುಡುಗ ಪೆಚ್ಚಾದ. “ನಾನೇನು ಮಾಡಲಿ ಮಾವ, ಬದಲಾಯಿಸುವುದು ಗಾಡಿ ತಾನೆ?” ಎಂದ. ಪಕ್ಕದಲ್ಲಿ ಕುಳಿತಿದ್ದ ನಾನು, ಬಲಗಾಲನ್ನು ಹಗುರ ಮಾಡುವ ಈ ಕ್ರಮವನ್ನು ಅವನಿಗೆ ಹೇಳಿದೆ. ನಾಲ್ಕಾರು ಸಲ ಲಯ ತಪ್ಪಿತು. ಆಮೇಲೆ ಕಿವಿ ಎಂಜಿನ್ನಿನ ಸದ್ದಿಗೆ ಹೊಂದಿಕೊಂಡಿತು. ಪಿರಿಯಾಪಟ್ಟಣ ದಾಟಿದ ಮೇಲೆ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: “ಗಾಡಿಯನ್ನೇ ಬದಲಾಯಿಸಿದಿರೇನು?” ಶಸ್ತ್ರಚಿಕಿತ್ಸೆಯಾದ ಮೈ ಸುಳ್ಳು ಹೊಗಳಿಕೆ ಹೇಳುವುದಿಲ್ಲ.

ಇನ್ನು ಪ್ಯಾಡಲ್ಲಿನ ಭಾಷೆ. ಯಂತ್ರವೇ ಗೇರು ಬದಲಿಸುವಾಗ ಪ್ಯಾಡಲ್ಲು ಏಕೆ ಬೇಕು ಎಂದು ಕೇಳುವವರುಂಟು. ಊರೊಳಗೆ ಅದರ ಅಗತ್ಯ ಹೆಚ್ಚು ಬೀಳುವುದಿಲ್ಲ. ಅದರ ನಿಜವಾದ ಉಪಯೋಗ ತಿಳಿಯುವುದು ಮೂರು ಕಡೆಗಳಲ್ಲಿ: ಮುಂದಿನ ವಾಹನವನ್ನು ಹಿಂದೆ ಹಾಕುವಾಗ, ತಿರುವಿನಲ್ಲಿ, ಘಟ್ಟವಿಳಿಯುವಾಗ.

ಎದುರುಬದುರು ಸಂಚಾರವಿರುವ ಎರಡೇ ಸಾಲಿನ ರಸ್ತೆಯಲ್ಲಿ ಲಾರಿಯೊಂದನ್ನು ಹಿಂದೆ ಹಾಕಬೇಕಾಗಿದೆ ಎನ್ನಿ. ಚಾಲಕನು ಪಕ್ಕಕ್ಕೆ ಬಂದು ಎಕ್ಸಲರೇಟರನ್ನು ಪೂರ್ತಿ ಒತ್ತುತ್ತಾನೆ. ಆಗ ಯಂತ್ರಕ್ಕೆ ಅರಿವಾಗುತ್ತದೆ, ಇವನಿಗೆ ಹೆಚ್ಚು ಎಳೆತ ಬೇಕೆಂದು. ಅದು ಕ್ಲಚ್ಚನ್ನು ಬಿಡಿಸಿ, ಗೇರನ್ನು ಒಂದೋ ಎರಡೋ ಮೆಟ್ಟಿಲು ಇಳಿಸಿ, ಮತ್ತೆ ಕೂಡಿಸುತ್ತದೆ. ಆ ಹೊತ್ತಿನಲ್ಲಿ ಕಾರಿಗೆ ಎಳೆತವೇ ಇರುವುದಿಲ್ಲ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. ಎದುರಿನಿಂದ ಅಷ್ಟೇ ವೇಗದಲ್ಲಿ ಬರುವ ವಾಹನವೂ 20 ಮೀಟರ್ ಹತ್ತಿರವಾಗುತ್ತದೆ. ಎದುರು ಸಾಲಿನಲ್ಲಿ ಎಳೆತವಿಲ್ಲದೆ ಕಳೆದ ಒಂದು ಸೆಕೆಂಡಿನಲ್ಲಿ ನಡುವಿನ ಅಂತರ 40 ಮೀಟರ್ ಕಡಿಮೆಯಾಯಿತು. ಆದ್ದರಿಂದ ಇನ್ನೂ ಲಾರಿಯ ಹಿಂದೆ, ನಮ್ಮ ಸಾಲಿನಲ್ಲಿಯೇ ಇರುವಾಗ ಎಡಗಡೆಯ ಪ್ಯಾಡಲ್ಲನ್ನು ಎಳೆದು ಗೇರನ್ನು ಇಳಿಸಿಕೊಳ್ಳಬೇಕು. ಎಂಜಿನ್ನು ಸದ್ದು ಏರಿಸಿ ಸಿದ್ಧವಾಗಿ ನಿಂತ ಮೇಲೆ, ಎದುರು ರಸ್ತೆ ನಿಚ್ಚಳವಾಗಿ ಕಂಡರೆ ಮಾತ್ರ, ಪಕ್ಕಕ್ಕೆ ಬರಬೇಕು. ಹೆಗಲು ಬದಲಿಸುವ ಕೆಲಸ ಬಯಲಿನಲ್ಲಿ ಆಗಲಿ, ಹೊಳೆಯ ನಡುವೆ ಬೇಡ.

ತಿರುವಿನಲ್ಲಿಯೂ ಇದೇ ನ್ಯಾಯ. ಪ್ಯಾಡಲ್ಲುಗಳು ಸ್ಟಿಯರಿಂಗಿಗೇ ಅಂಟಿಕೊಂಡಿದ್ದರೆ ಅದರೊಡನೆ ತಾವೂ ತಿರುಗುತ್ತವೆ. ತಿರುವಿನ ಮಧ್ಯದಲ್ಲಿ ಎಡ ಯಾವುದು ಬಲ ಯಾವುದು ಎಂದು ಬೆರಳಿಗೆ ಗೊಂದಲವಾಗುವುದುಂಟು. ಅಷ್ಟೇ ಅಲ್ಲದೆ, ಕಾರು ಒಂದು ಬದಿಗೆ ವಾಲಿರುವಾಗ ಎಳೆತ ಕಡಿದು ಕೂಡಿದರೆ ಅದರ ಸಮತೋಲ ಕದಡುತ್ತದೆ. ಮಳೆಗಾಲದ ನುಣುಪಾದ ರಸ್ತೆಯಲ್ಲಿ ಚಕ್ರ ಜಾರಲೂಬಹುದು. ಕ್ರಮವೆಂದರೆ, ರಸ್ತೆ ನೇರವಾಗಿರುವಾಗಲೇ ಬ್ರೇಕಿನಿಂದ ವೇಗವನ್ನು ತಗ್ಗಿಸಿ, ಆಮೇಲೆ ಒಂದು ಮೆಟ್ಟಿಲು ಗೇರು ಇಳಿಸಿ, ಕ್ಲಚ್ಚು ಕೂಡಿದ ಮೇಲೆ ತಿರುವಿಗೆ ಪ್ರವೇಶಿಸುವುದು. ಮೊದಲು ಬ್ರೇಕು, ಬಳಿಕ ಗೇರು ಎಂಬ ಈ ಅನುಕ್ರಮ ಮುಖ್ಯ. ವೇಗ ಹೆಚ್ಚಿರುವಾಗ ಗೇರನ್ನು ಇಳಿಸಿದರೆ ಎಂಜಿನ್ನಿನ ಸುತ್ತು ತಟ್ಟನೆ ಏರಬೇಕಾಗಿ, ಕಾರು ಹಿಂದಕ್ಕೆ ಜಗ್ಗಿದಂತಾಗುತ್ತದೆ. ಅತಿಯಾದ ವೇಗವಿದ್ದರೆ ಗಣಕ ನಮ್ಮ ಅಪ್ಪಣೆಯನ್ನೇ ತಿರಸ್ಕರಿಸುತ್ತದೆ. ಹಾಗೆ ತಿರಸ್ಕರಿಸಿದಾಗ ಪ್ಯಾಡಲ್ಲನ್ನು ಮತ್ತೆ ಮತ್ತೆ ಎಳೆಯದೆ, ವೇಗ ಇಳಿಯುವವರೆಗೆ ಕಾಯುವುದು ವಿವೇಕ.

ಮೂರನೆಯದು ಘಟ್ಟ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯನ್ನೇ ತೆಗೆದುಕೊಳ್ಳಿ. ಗೇರನ್ನು ಯಂತ್ರಕ್ಕೆ ಬಿಟ್ಟು ಇಳಿಯತೊಡಗಿದರೆ, ಎಕ್ಸಲರೇಟರಿನ ಮೇಲೆ ಕಾಲಿಲ್ಲವೆಂಬುದನ್ನಷ್ಟೇ ಕಂಡು ಅದು ಮೂರು, ನಾಲ್ಕು ಎಂದು ಗೇರನ್ನು ಏರಿಸುತ್ತ ಹೋಗುವುದುಂಟು. ಕಾರು ತನ್ನ ಭಾರದಿಂದಲೇ ಉರುಳುತ್ತದೆ. ಅದನ್ನು ತಡೆಯುವ ಹೊಣೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಮಾಡುವುದಾದರೂ ಏನು? ಚಲನೆಯನ್ನು ಶಾಖವಾಗಿ ಮಾರ್ಪಡಿಸುವುದು. ಎಡೆಬಿಡದೆ ಒತ್ತುತ್ತಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಘಟ್ಟದ ಬುಡದಲ್ಲಿ ಮೂಗಿಗೆ ಬಡಿಯುವ ಆ ಸುಟ್ಟ ವಾಸನೆ ಬಹಳ ಮಂದಿಗೆ ಪರಿಚಿತ. ಇಲ್ಲಿ ಎಡಗಡೆಯ ಪ್ಯಾಡಲ್ಲು ಪ್ರಾಣಮಿತ್ರ. ಇಳಿಜಾರು ತೊಡಗುವ ಮುಂಚೆಯೇ ಗೇರನ್ನು ಕೈಯ ಹತೋಟಿಗೆ ತೆಗೆದುಕೊಂಡು ಎರಡನೆಯದಕ್ಕೋ ಮೂರನೆಯದಕ್ಕೋ ಇಳಿಸಿಟ್ಟರೆ, ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಬ್ರೇಕನ್ನು ಆಗಾಗ ಮುಟ್ಟಿದರೆ ಸಾಕು. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಹಳೆಯ ಲಾರಿ ಚಾಲಕರ ಮಾತು. ಪ್ಯಾಡಲ್ಲು ಬಂದಿತೆಂದು ಆ ಮಾತು ಹಳತಾಗಲಿಲ್ಲ. ಒಂದು ಎಚ್ಚರ: ಕೆಲವು ಕಾರುಗಳಲ್ಲಿ ಪ್ಯಾಡಲ್ಲು ಎಳೆದ ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ ತನ್ನ ಇಚ್ಛೆಯಂತೆ ನಡೆಯತೊಡಗುತ್ತದೆ. ಪೂರ್ತಿಯಾಗಿ ಕೈಯ ಹತೋಟಿಗೆ ಒಳಪಡಿಸುವ ಸ್ಥಾನ ಯಾವುದೆಂದು ಸನ್ನೆಕೋಲನ್ನು ನೋಡಿ ಮೊದಲೇ ತಿಳಿದಿರಬೇಕು.

ಇಳಿಜಾರಿನ ಮಾತು ಬಂದ ಮೇಲೆ ಏರಿನ ಮಾತನ್ನೂ ಹೇಳಿಬಿಡುತ್ತೇನೆ. ಏರುರಸ್ತೆಯಲ್ಲಿ ವಾಹನಗಳ ಸಾಲು ನಿಂತಾಗ, ಕಾರು ಹಿಂದಕ್ಕೆ ಉರುಳದಂತೆ ಎಕ್ಸಲರೇಟರನ್ನು ಸ್ವಲ್ಪ ಒತ್ತಿ ಹಿಡಿದುಕೊಂಡಿರುವವರನ್ನು ನೋಡಿದ್ದೇನೆ. ಕಾರು ನಿಂತಿದೆ, ಎಂಜಿನ್ನು ತಿರುಗುತ್ತಿದೆ. ಹಾಗಾದರೆ ನಡುವೆ ಯಾರೋ ಉಜ್ಜಿಸಿಕೊಳ್ಳುತ್ತಿರಬೇಕಷ್ಟೆ? ಅದು ಕ್ಲಚ್ಚು. ಪೆಡಲು ಕಾಣುವುದಿಲ್ಲವಾದ್ದರಿಂದ ಕ್ಲಚ್ಚೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಕೈಗೇರಿನ ಕಾರಿನಲ್ಲಿರುವ ಅದೇ ತಟ್ಟೆ ಇಲ್ಲಿಯೂ ಇದೆ, ಅಷ್ಟೇ ಬೇಗ ಸುಡುತ್ತದೆ. ಏರಿನಲ್ಲಿ ನಿಂತಾಗ ಬ್ರೇಕಿನಿಂದಲೇ ನಿಲ್ಲಬೇಕು. ಹೊರಡುವಾಗ ಹ್ಯಾಂಡ್‌ಬ್ರೇಕು ಹಿಡಿದಿಟ್ಟು, ಎಂಜಿನ್ನು ಎಳೆಯತೊಡಗಿದ್ದು ತಿಳಿದ ಮೇಲೆ ಅದನ್ನು ಬಿಡಬೇಕು. ಊರೊಳಗಿನ ಆಮೆನಡಿಗೆಯಲ್ಲಿ ಕೂಡ, ಮುಂದಿನ ಕಾರು ಒಂದಡಿ ಸರಿದಾಗಲೆಲ್ಲ ತಾನೂ ಒಂದಡಿ ಸರಿಯುವ ಚಪಲವನ್ನು ಬಿಡಬೇಕು. ಎರಡು ಮೂರು ಕಾರಿನಷ್ಟು ಜಾಗ ತೆರವಾದ ಮೇಲೆ ಬ್ರೇಕನ್ನು ಬಿಟ್ಟು, ಕಾರು ತಾನಾಗಿ ತೆವಳತೊಡಗಿದ ಬಳಿಕ ಕಾಲನ್ನು ಮೆಲ್ಲನೆ ಒತ್ತಿದರೆ, ಕ್ಲಚ್ಚಿಗೂ ಕುಳಿತವರಿಗೂ ಕ್ಷೇಮ.

ಇಷ್ಟೆಲ್ಲ ಮಾಡುವುದಾದರೆ ಯಂತ್ರ ಏಕೆ, ಹಳೆಯ ಕ್ಲಚ್ಚೇ ಸಾಲದೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಎಡಗಾಲಿನ ದುಡಿಮೆಯನ್ನು ಯಂತ್ರ ನಿಜವಾಗಿಯೂ ತಪ್ಪಿಸಿದೆ. ಎಡಗಾಲಿನಲ್ಲಿ ಬಲವಿಲ್ಲದ ಎಷ್ಟೋ ಮಂದಿಗೆ ಅದು ಸ್ವಂತವಾಗಿ ಕಾರು ನಡೆಸುವ ಸ್ವಾತಂತ್ರ್ಯವನ್ನೇ ಕೊಟ್ಟಿದೆ. ದುಡಿಮೆ ತಪ್ಪಿದರೂ ಗಮನ ತಪ್ಪಬಾರದು ಎಂಬುದಷ್ಟೇ ನನ್ನ ನಿವೇದನೆ. ಪಲ್ಲಕ್ಕಿಯ ಮುಂದೆ ನಡೆಯುವ ಹಿರಿಯನೊಬ್ಬನಿರುತ್ತಾನೆ. ಅವನು ಭಾರ ಹೊರುವುದಿಲ್ಲ. ಮುಂದೆ ಮೆಟ್ಟಿಲಿದೆ, ಹಳ್ಳವಿದೆ ಎಂದು ಹೊರುವವರಿಗೆ ಕೂಗಿ ಹೇಳುತ್ತ ಹೋಗುತ್ತಾನೆ. ಅವನು ಹೇಳುವುದು ಎರಡು ಹೆಜ್ಜೆ ತಡವಾದರೆ ಹೊರುವವರ ಬಲವೆಲ್ಲ ವ್ಯರ್ಥ. ಪ್ಯಾಡಲ್ಲಿನ ಹಿಂದೆ ಬೆರಳಿಟ್ಟು ಕುಳಿತವನ ಸ್ಥಾನ ಆ ಹಿರಿಯನದು.

ಕೊನೆಯಲ್ಲಿ, ಅಭ್ಯಾಸಕ್ಕೆ ಒಂದು ಉಪಾಯ. ಭಾನುವಾರ ಬೆಳಗಿನ ಹೊತ್ತು, ಸಂಚಾರವಿಲ್ಲದ ನೇರ ರಸ್ತೆಗೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ ಹಿಂದಿನ ಆಸನದಲ್ಲಿ ಕೂರಿಸಿ. ಕಣ್ಣು ಮುಚ್ಚಿಕೊಂಡು, ಗೇರು ಬದಲಾಯಿತೆಂದು ಮೈಗೆ ತಿಳಿದಾಗಲೆಲ್ಲ ಒಂದು, ಎರಡು ಎಂದು ಎಣಿಸಲು ಹೇಳಿ. ನೀವೂ ಮನಸ್ಸಿನಲ್ಲಿ ಎಣಿಸಿ. ಮೊದಲ ದಿನ ಎರಡು ಲೆಕ್ಕಗಳೂ ಒಂದೇ ಆಗಿರುತ್ತವೆ. ದಿನ ಕಳೆದಂತೆ ಅವರ ಲೆಕ್ಕ ನಿಮ್ಮದಕ್ಕಿಂತ ಕಡಿಮೆಯಾಗುತ್ತ ಬರಬೇಕು. ಎಂದಾದರೂ ಒಂದು ದಿನ ಅವರು ಎಣಿಸುವುದನ್ನು ಬಿಟ್ಟು ಮನೆಯ ಮಾತು ತೆಗೆದರೆ, ಅಥವಾ ಹಾಗೆಯೇ ನಿದ್ದೆ ಹೋದರೆ, ನಿಮ್ಮ ಅಭ್ಯಾಸ ಮುಗಿಯಿತೆಂದು ತಿಳಿಯಿರಿ.